ಗೀಳೋ ಪ್ರೇಮವೋ: ಮಧುಗಿರಿಯ ಓದುಗರಿಗೆ ಉತ್ತರ

ಮಾನ್ಯರೆ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ‘ಡಿಸಿಷನ್ ಟು ಲೀವ್’ ಎಂಬ ಕೊರಿಯನ್ ಚಿತ್ರದ ವಿಮರ್ಶೆಯನ್ನು ಓದಿ, ಚಿತ್ರವನ್ನೂ ನೋಡಿ, ತಾವು ಮಧುಗಿರಿಯಿಂದ ಬರೆದ ನಾಲ್ಕು ಪುಟಗಳ ಪತ್ರ ತುಮಕೂರಿನ ನಮ್ಮ ಕಚೇರಿಗೆ ತಲುಪಿದೆ. ಕೊಲೆಯ ಶಂಕಿತೆಯ ಬೆನ್ನು ಹತ್ತಿದ ಪೊಲೀಸನ ಗೀಳನ್ನು ಪ್ರೇಮವೆಂದು ಕರೆದದ್ದು ತಪ್ಪು, ನಾಯಕಿಯ ಮಾತು ಕೃತಕ, ಕಥೆ ಕಡಲತೀರದ ಊರಿಗೆ ಹೋದ ಮೇಲೆ ಸಿನಿಮಾ ದಾರಿ ತಪ್ಪುತ್ತದೆ ಎಂಬುದು ತಮ್ಮ ವಾದ. ನಿರ್ದೇಶಕ ಪಾರ್ಕ್ ಚಾನ್-ವೂಕ್ ಅವರಿಗೆ 2022ರ ಕಾನ್ ಚಿತ್ರೋತ್ಸವದಲ್ಲಿ ಉತ್ತಮ ನಿರ್ದೇಶಕ ಪ್ರಶಸ್ತಿ ಬಂದ ಮಾತ್ರಕ್ಕೆ ತಲೆಯಾಡಿಸಬೇಕಿಲ್ಲ ಎಂದೂ ಬರೆದಿದ್ದೀರಿ. ಅದು ನ್ಯಾಯವಾದ ಮಾತೇ.

ನಾಯಕಿಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಗೀಳಿನ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ. ತಾಂಗ್ ವೇಯ್ ಅಭಿನಯಿಸಿರುವ ಸೊ-ರೇ ಚೀನಾದಿಂದ ಬಂದವಳು, ಟಿವಿಯ ಐತಿಹಾಸಿಕ ಧಾರಾವಾಹಿಗಳನ್ನು ನೋಡಿ ಕೊರಿಯನ್ ಕಲಿತವಳು. ಪೌರಾಣಿಕ ಸಿನಿಮಾಗಳಿಂದ ಕನ್ನಡ ಕಲಿತ ಹೆಣ್ಣುಮಗಳೊಬ್ಬಳು ನಮ್ಮ ಊರಿನ ಠಾಣೆಯಲ್ಲಿ ಕುಳಿತು ‘ಪತಿದೇವರು ಅಸುನೀಗಿದರು’ ಎಂದರೆ ಎದುರಿಗಿದ್ದ ಇನ್‌ಸ್ಪೆಕ್ಟರಿಗೆ ನಗು ಬರುತ್ತದೋ, ಅನುಮಾನ ಬರುತ್ತದೋ, ಮರುಕ ಬರುತ್ತದೋ ಹೇಳಲಾಗದು. ಪತ್ತೇದಾರ ಹೇ-ಜೂನ್‌ಗೆ ಮೂರೂ ಒಟ್ಟಿಗೇ ಬರುತ್ತವೆ. ಹಳೆಯ ಮಾತಿನ ಆ ಗತ್ತು ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಬಹುಪಾಲು ಸೋರಿಹೋಗುವುದರಿಂದ ತಮಗೆ ಕೃತಕವೆನ್ನಿಸಿದ್ದರಲ್ಲಿ ತಮ್ಮ ತಪ್ಪೇನೂ ಇಲ್ಲ.

ಇನ್ನು ಗೀಳಿನ ಪ್ರಶ್ನೆಗೆ ಚಿತ್ರದ ಫೋನಿನ ದೃಶ್ಯವನ್ನು ನೋಡಬೇಕು. ಗಂಡನನ್ನು ಬೆಟ್ಟದಿಂದ ತಳ್ಳಿದವಳು ಅವಳೇ ಎಂದು ಗೊತ್ತಾದ ಮೇಲೂ ಹೇ-ಜೂನ್ ಅವಳನ್ನು ಬಂಧಿಸುವುದಿಲ್ಲ. ತಾನು ಪೂರ್ತಿ ಕುಸಿದುಹೋದೆನೆಂದು ಹೇಳಿ, ಸಾಕ್ಷ್ಯವಾಗಿದ್ದ ಫೋನನ್ನು ಯಾರ ಕೈಗೂ ಸಿಗದಂತೆ ಆಳ ಕಡಲಿಗೆ ಎಸೆಯಲು ತಿಳಿಸಿ ಹೊರಟುಬಿಡುತ್ತಾನೆ. ‘ಕುಸಿ’ ಎಂಬ ಪದದ ಅರ್ಥ ಹುಡುಕಿ ನೋಡುವ ಅವಳಿಗೆ ಅದೇ ಪ್ರೇಮದ ಮಾತು. ಮುಂದೆ ಅವನು, ನಿನ್ನನ್ನು ಪ್ರೀತಿಸುತ್ತೇನೆಂದು ನಾನು ಯಾವಾಗ ಹೇಳಿದೆ ಎಂದು ಕೇಳುತ್ತಾನೆ, ನಿಜಕ್ಕೂ ಹೇಳಿರಲಿಲ್ಲ. ಎದುರು ಕಟ್ಟಡದಿಂದ ದುರ್ಬೀನು ಹಿಡಿದು ಅವಳ ಮನೆಯನ್ನು ರಾತ್ರಿಯಿಡೀ ಕಾದವನದು ಗೀಳು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅವನ ಗೀಳು ಮುಗಿದ ಜಾಗದಲ್ಲಿ ಅವಳದು ಶುರುವಾಗುತ್ತದೆ, ಅದಕ್ಕೆ ಬೀಜ ಅವನು ಆಡದೇ ಉಳಿದ ಮಾತು. ವಿಮರ್ಶಕರು ಅದನ್ನು ಪ್ರೇಮವೆಂದದ್ದು ಅವಳ ಕಡೆಯಿಂದ.

ಅದಕ್ಕಾಗಿಯೇ ಕಥೆ ಇಪೊ ಎಂಬ ಕಡಲೂರಿಗೆ ಹೋಗಬೇಕಾಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಂಬಿ ಹಿಡಿದು ಹತ್ತಿದ ತಮಗೆ ಗೊತ್ತು, ಬಂಡೆಯ ನೆತ್ತಿಯಿಂದ ಎಲ್ಲವೂ ಖಚಿತವಾಗಿ ಕಾಣುತ್ತದೆ. ಬೂಸಾನ್ ನಗರದಲ್ಲಿ ನಡೆಯುವ ಮೊದಲ ಭಾಗ ಅಂಥದ್ದು, ಪ್ರತಿ ಸುಳಿವೂ ಕೈಗೆ ಸಿಗುತ್ತದೆ. ಇಪೊದಲ್ಲಿ ಸದಾ ಮಂಜು. ದೇವರಾಯನದುರ್ಗದ ತಿರುವಿನಲ್ಲಿ ಮುಂದಿನ ಬಸ್ಸಿನ ಹಿಂದೀಪವಷ್ಟೇ ಕಾಣುವ ಮುಂಜಾನೆಯಂತೆ, ಅಲ್ಲಿ ಅವನಿಗೆ ಕಾಣುವುದು ಅರ್ಧ ಮಾತ್ರ. ಸೊ-ರೇಯ ಮನೆಯ ಗೋಡೆಕಾಗದದ ಚಿತ್ರ ಬೆಟ್ಟವೆಂದರೆ ಬೆಟ್ಟ, ಅಲೆಯೆಂದರೆ ಅಲೆ. 1967ರ ಕೊರಿಯನ್ ಹಾಡೊಂದು ಚಿತ್ರದುದ್ದಕ್ಕೂ ಸುಳಿಯುತ್ತದೆ; ಅದರ ಹೆಸರೂ ‘ಮಂಜು’. ಇಪೊದಲ್ಲಿ ನಡೆಯುವ ಇನ್ನೊಂದು ಕೊಲೆಯ ತನಿಖೆ ಸಿಕ್ಕುಸಿಕ್ಕಾಗಿದೆ, ಹೇ-ಜೂನ್‌ನ ಹೆಂಡತಿಗೆ ಚಿತ್ರ ನ್ಯಾಯ ಒದಗಿಸಿಲ್ಲ ಎಂಬ ತಮ್ಮ ಮಾತುಗಳಿಗೆ ನನ್ನ ಬಳಿ ಮರುಮಾತಿಲ್ಲ.

ಚಿತ್ರ ನೋಡದವರು ಮುಂದಿನ ವಾಕ್ಯಗಳನ್ನು ಬಿಟ್ಟುಬಿಡಬಹುದು. ಕೊನೆಯಲ್ಲಿ ಅವಳು ಬಕೆಟ್ ಹಿಡಿದು ಮರಳಿನಲ್ಲಿ ಗುಂಡಿ ತೋಡಿ, ಅದರೊಳಗೆ ಕುಳಿತು ಉಬ್ಬರವನ್ನು ಕಾಯುತ್ತಾಳೆ; ಅವನು ಅದೇ ಮರಳಿನ ಮೇಲೆ ಅವಳ ಹೆಸರು ಕೂಗುತ್ತ ಅಲೆಯುತ್ತಾನೆ. ಇದು ಅನಗತ್ಯ ಸಾವು ಎಂದು ತಾವು ಬರೆದಿದ್ದೀರಿ. ಯಾರ ಕೈಗೂ ಸಿಗದಂತೆ ಕಡಲಿಗೆ ಎಸೆ ಎಂದು ಅವನು ಫೋನಿನ ಬಗ್ಗೆ ಹೇಳಿದ್ದನ್ನು ಅವಳು ತನ್ನ ಮೇಲೆಯೇ ನಡೆಸಿದ್ದಾಳೆ ಎಂಬುದನ್ನು ನೆನಪಿಟ್ಟುಕೊಂಡು ಆ ದೃಶ್ಯವನ್ನು ಇನ್ನೊಮ್ಮೆ ನೋಡಬೇಕೆಂದು ನನ್ನ ವಿನಂತಿ.

ಕಡೆಯದಾಗಿ, ಇಪೊ ಬೂಸಾನ್ ಸಮೀಪದ ಬಂದರು ಎಂದು ಅಚ್ಚಾದದ್ದು ನಮ್ಮ ತಪ್ಪು. ಅದು ಕಲ್ಪಿತ ಊರು. ಭೂಪಟದಲ್ಲಿ ಹುಡುಕಿ ಸೋತೆನೆಂದು ತಾವು ಬರೆದದ್ದನ್ನು ಓದಿ ನಾಚಿಕೆಯಾಯಿತು, ಕ್ಷಮೆಯಿರಲಿ.

ಸಂಪಾದಕ