ಮನುಷ್ಯನ ಹೊಟ್ಟೆಯಲ್ಲಿ ಊಟ ಕರಗುವುದನ್ನು ವೈದ್ಯರೊಬ್ಬರು ಕಣ್ಣಾರೆ ನೋಡಿದ್ದು ಹೇಗೆ?

ಒಂದು ಬಂದೂಕಿನ ಅಪಘಾತದಿಂದ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದ ಅಂಗಡಿಯೊಂದರಲ್ಲಿ ಕೈತಪ್ಪಿ ಗುಂಡು ಹಾರಿತು. ಎದುರಿಗಿದ್ದವನು ಅಲೆಕ್ಸಿ ಸೇಂಟ್ ಮಾರ್ಟಿನ್, ತುಪ್ಪಳದ ವ್ಯಾಪಾರದವರ ಹತ್ತಿರ ಕೂಲಿಗಿದ್ದ ಕೆನಡಾದ ಹುಡುಗ. ಪಕ್ಕೆಲುಬು ಮುರಿದು ಹೊಟ್ಟೆಗೇ ತೂತು ಬಿತ್ತು. ಸೇನೆಯ ವೈದ್ಯ ವಿಲಿಯಂ ಬೋಮಾಂಟ್ ಇವನು ಉಳಿಯಲ್ಲ ಅಂದುಕೊಂಡರೂ ಚಿಕಿತ್ಸೆ ಮಾಡಿದರು, ಹುಡುಗ ಬದುಕಿದ. ಆದರೆ ತೂತು ಮುಚ್ಚಲೇ ಇಲ್ಲ, ಅದರ ಅಂಚು ಚರ್ಮಕ್ಕೆ ಅಂಟಿಕೊಂಡು ಹೊಟ್ಟೆಗೊಂದು ಕಿಟಕಿಯಾಯಿತು.

1825ರಲ್ಲಿ ಪ್ರಯೋಗ ಶುರು. ದನದ ಮಾಂಸ, ಹಂದಿಮಾಂಸ, ಒಣಗಿದ ಬ್ರೆಡ್ಡು, ಹಸಿ ಎಲೆಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಡುವುದು, ಸ್ವಲ್ಪ ಹೊತ್ತು ಬಿಟ್ಟು ಎಳೆದು ನೋಡುವುದು! ಹೊಟ್ಟೆಯ ರಸವನ್ನು ಹೊರತೆಗೆದು ಬಾಟಲಿಯಲ್ಲಿ ಬೆಚ್ಚಗಿಟ್ಟಾಗ ಅಲ್ಲೂ ಮಾಂಸ ಕರಗಿತು. ಹೊಟ್ಟೆ ಬರೀ ಅರೆಯುವುದಿಲ್ಲ, ರಸದಿಂದಲೂ ಕರಗಿಸುತ್ತೆ ಅಂತ ಇದರಿಂದ ಗಟ್ಟಿಯಾಯಿತು. 1833ರಲ್ಲಿ ಬೋಮಾಂಟ್ ಇದನ್ನೆಲ್ಲ ಪುಸ್ತಕ ಮಾಡಿದರು.

ನನಗೆ ಸಂಕಟವಾಗುವುದು ಅಲೆಕ್ಸಿ ಬಗ್ಗೆ. ಓದುಬರಹ ಬಾರದ ಅವನು ವೈದ್ಯರ ಮನೆಯಲ್ಲೇ ಸೌದೆ ಒಡೆಯುತ್ತ, ಪ್ರಯೋಗಕ್ಕೂ ಮೈ ಒಡ್ಡಬೇಕಿತ್ತು. ಬೇಸತ್ತು ಕೆನಡಾಕ್ಕೆ ಹೊರಟುಹೋದ, ದುಡ್ಡಿನ ಕರಾರಿನ ಮೇಲೆ ಮತ್ತೆ ಬಂದ, ಕೊನೆಗೆ ಎಷ್ಟು ಕರೆದರೂ ಬರಲಿಲ್ಲ. ಹೆಸರೆಲ್ಲ ಬೋಮಾಂಟ್‌ಗೇ ಹೋಯಿತು, ಇದು ಅನ್ಯಾಯ ಅಲ್ವಾ?

ವೈದ್ಯರು ತೀರಿಕೊಂಡು 27 ವರ್ಷ ಆದಮೇಲೆ, 1880ರಲ್ಲಿ ಅಲೆಕ್ಸಿ ಸತ್ತ. ಆಗಲೂ ಅವನ ಹೊಟ್ಟೆಯ ಮೇಲೆ ಬೇರೆ ವೈದ್ಯರಿಗೆ ಕಣ್ಣು. ಮನೆಯವರು ಒಪ್ಪಲಿಲ್ಲ. ಯಾರಿಗೂ ಕೊಯ್ಯಲು ಸಿಗಬಾರದು ಅಂತ ಹೆಣ ಕೊಳೆಯುವ ತನಕ ಇಟ್ಟುಕೊಂಡು, ಆಮೇಲೆ ಆಳವಾಗಿ ಗುಂಡಿ ತೋಡಿ ಹೂತರು.