ಇಳಿಸಿದ ಎಲೆ ವಾಪಸ್ ತಗೊಳ್ಳಬಹುದೆ?

ಪ್ರಶ್ನೆ: ಕಾರ್ಡ್ ಆಟದ ಸ್ಪರ್ಧೆಯಲ್ಲಿ ಎದುರಾಳಿ ಎಲೆ ಇಳಿಸಿದ ಮೇಲೆ “ತಪ್ಪಾಯ್ತು, ಬೇರೆ ಹಾಕ್ತೀನಿ” ಅಂದರೆ ಒಪ್ಪಬೇಕೆ? ಒಪ್ಪದಿದ್ದರೆ ಒರಟುತನವಾಗುತ್ತದೆಯೆ?

ಉತ್ತರ: ಖಂಡಿತ ಒರಟುತನವಲ್ಲ. ಎಲೆ ಇಳಿಸಿದ ಮೇಲೆ ಅವರಿಗೆ ಹೊಸದೇನಾದರೂ ತಿಳಿಯಿತೆ, ಅದನ್ನಷ್ಟೇ ನೋಡಿ.

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಪಂದ್ಯಾವಳಿ ನಿಯಮ ನಿಂತಿರುವುದೂ ಇದರ ಮೇಲೆಯೇ. ಐಲ್ಯಾಂಡ್ ಎಂಬ ಎಲೆ ಇಟ್ಟ ಕೂಡಲೇ, ಬೇರೇನೂ ನಡೆಯುವ ಮೊದಲೇ, “ಸ್ವಾಂಪ್ ಇಡಬೇಕಿತ್ತು” ಎಂದರೆ ತೀರ್ಪುಗಾರರು ಬಿಡಬಹುದು. ಹೊಸ ಎಲೆ ಎಳೆದಿದ್ದರೆ ಬಿಡುವುದಿಲ್ಲ. ನಿಮ್ಮ ಮುಖಭಾವವೂ ಮಾಹಿತಿಯೇ: ನೀವು ಹುಬ್ಬೇರಿಸಿದ್ದನ್ನು ಕಂಡು ಮನಸ್ಸು ಬದಲಿಸುವಂತಿಲ್ಲ. ಅನುಮಾನವಿದ್ದರೆ ಆಟ ಇದ್ದಂತೆಯೇ ಮುಂದುವರಿಯಬೇಕು.

ಜೋಡಿಯಾಗಿ ಆಡುವ ಇಸ್ಪೀಟ್ ಆಟ ಬ್ರಿಜ್‌ನಲ್ಲಿ ಇನ್ನೂ ಬಿಗಿ. ಡಿಫೆಂಡರ್ (ಎದುರು ಜೋಡಿ ಘೋಷಿಸಿದ ಗುರಿಯನ್ನು ತಡೆಯಲು ಆಡುವವರು) ಹಿಡಿದ ಎಲೆಯ ಮುಖ ಜೊತೆಗಾರನಿಗೆ ಕಾಣುವಂತಿದ್ದರೆ ಸಾಕು, ಆಡಿದಂತೆಯೇ ಲೆಕ್ಕ. ಆದರೆ ಸುತ್ತು ಆಟಿನ್‌ನಿಂದ ಶುರುವಾಗಿ, ಕೈಯಲ್ಲಿ ಆಟಿನ್ ಇದ್ದೂ ಒಬ್ಬರು ಕಳಾವರ್ ಹಾಕಿದ್ದರೆ, ಅವರ ಕಡೆಯವರು ಮುಂದಿನ ಸುತ್ತಿಗೆ ಎಲೆ ಹಾಕುವ ಮೊದಲು ಗೊತ್ತಾದಲ್ಲಿ ತಿದ್ದಲೇಬೇಕು. ತಪ್ಪಿದವರು ಡಿಫೆಂಡರ್ ಆಗಿದ್ದರೆ ಆ ಕಳಾವರ್ ಮೇಜಿನ ಮೇಲೆ ಮುಖ ಮೇಲಾಗಿ ಪೆನಾಲ್ಟಿ ಕಾರ್ಡ್ ಆಗಿ ಉಳಿಯುತ್ತದೆ. ನಿಯಮ ಅವಕಾಶ ಕೊಟ್ಟ ಮೊದಲ ಸಂದರ್ಭದಲ್ಲೇ ಅದನ್ನು ಆಡಬೇಕು.

ಮೇಜಿನಲ್ಲಿ ನೀವೇ ತೀರ್ಮಾನಿಸಲು ಹೋಗಬೇಡಿ. ಎಲೆಗಳನ್ನು ಮುಟ್ಟದೆ, “ನೋಡೋಣ ತಡೀರಿ” ಎಂದು ತೀರ್ಪುಗಾರರನ್ನು ಕರೆಯಿರಿ. ಎಲೆ ಕೈಗೆ ಮರಳಿದರೆ, ಏನು ನಡೆಯಿತೆಂದು ಸಾಬೀತು ಮಾಡುವುದು ಕಷ್ಟ.

ಅಭ್ಯಾಸದ ಆಟದಲ್ಲೂ ವಾಪಸಾತಿ ಬೇಡವೆಂದೇ ನನ್ನ ಸಲಹೆ. ಅಲ್ಲಿ ಸಡಿಲಬಿಟ್ಟ ಕೈ ಪಂದ್ಯದಲ್ಲೂ ಯೋಚಿಸುವ ಮೊದಲೇ ಎಲೆ ಇಳಿಸುತ್ತದೆ. ಕಲಿಯುವವರ ಜೊತೆ ಆಡುವಾಗ ಮಾತ್ರ ಧಾರಾಳವಾಗಿ ಬಿಡಿ.