ಆಪ್ ಬದಲಾದರೆ ಮುದ್ದೆ ಬದಲಾಗುವುದಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ರಾಗ. ಊಟದ ಲೆಕ್ಕ ಇಡುವ ಹಳೆ ಆಪ್ ಬಿಟ್ಟೆ, ಹೊಸದು ಹಾಕಿಕೊಂಡೆ, ಕ್ಯಾಲೊರಿ ಲೆಕ್ಕ ತಾಳೆ ಆಗುತ್ತಿಲ್ಲ. ಕ್ಲಿನಿಕ್ಕಿಗೆ ಬರುವವರೂ ಕುರ್ಚಿ ಮೇಲೆ ಕೂರುವ ಮೊದಲೇ ಫೋನ್ ತೋರಿಸುತ್ತಾರೆ. ಅದಕ್ಕೇ ಒಂದು ಪ್ರಶ್ನೆಗೆ ಉದ್ದ ಉತ್ತರ ಬರೆದಿದ್ದೇನೆ, ಉಳಿದವಕ್ಕೆ ಚುಟುಕು. ಕ್ಯಾಲೊರಿ ಎಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಆಪ್ ಬದಲಾಯಿಸುವಷ್ಟು ಮುಂದೆ ಬಂದವರಿಗೆ ಅದು ಗೊತ್ತಿರಬೇಕು.

*ಯಾವ ಆಪ್ ಎಲ್ಲಕ್ಕಿಂತ ಒಳ್ಳೆಯದು? ಹೆಸರು ಹೇಳಿ ಸಾಕು. (ಮೈಸೂರು)*

ಹೇಳುವುದಿಲ್ಲ. ಹೇಳಿದರೆ ಮುಂದಿನ ತಿಂಗಳು ಅದರ ಸಬ್‌ಸ್ಕ್ರಿಪ್ಷನ್ ದುಡ್ಡಿನ ಜಗಳ ನನ್ನ ತಲೆಗೆ ಬರುತ್ತದೆ. ನಿಮ್ಮ ಮನೆ ಸಾರನ್ನು ನೀವೇ ರೆಸಿಪಿಯಾಗಿ ಸೇರಿಸಲು ಬಿಡದ ಆಪ್ ಮಾತ್ರ ಬೇಡ.

*ಮೂರು ವರ್ಷದಿಂದ ಒಂದು ಆಪ್‌ನಲ್ಲಿ ಊಟ ಬರೆದುಕೊಳ್ಳುತ್ತಿದ್ದೆ. ಬಾರ್‌ಕೋಡ್ ಸ್ಕ್ಯಾನ್‌ಗೂ ದುಡ್ಡು ಕೇಳಲು ಶುರು ಮಾಡಿದ್ದರಿಂದ ಬೇರೆ ಆಪ್‌ಗೆ ಬಂದೆ. ಅದೇ ಮುದ್ದೆ, ಅದೇ ಬಸ್ಸಾರು, ಅದೇ ಅನ್ನ. ಹಳೆಯದರಲ್ಲಿ ದಿನಕ್ಕೆ ಸುಮಾರು 1450 ಕ್ಯಾಲೊರಿ ಬರುತ್ತಿತ್ತು, ಹೊಸದರಲ್ಲಿ 1850 ಬರುತ್ತಿದೆ. ದಿನದ ಗುರಿಯೂ 1490 ಇದ್ದದ್ದು 1920 ಆಗಿದೆ. ವಯಸ್ಸು 40, ಎತ್ತರ 160 ಸೆಂ.ಮೀ, ತೂಕ ಆರು ತಿಂಗಳಿಂದ 60 ಕೆಜಿಯಲ್ಲೇ ಇದೆ. ಯಾವ ಆಪ್ ನಿಜ ಹೇಳುತ್ತಿದೆ? ಊಟ ಕಡಿಮೆ ಮಾಡಲಾ? (ಹಾಸನ)*

ಊಟ ಕಡಿಮೆ ಮಾಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಪ್ರಶ್ನೆ ಕೇಳುವವರು ಉತ್ತರ ಬರುವಷ್ಟರಲ್ಲಿ ರಾತ್ರಿ ಊಟ ಬಿಟ್ಟಿರುತ್ತಾರೆ. ಆರು ತಿಂಗಳಿಂದ ತೂಕ ಅಲ್ಲಾಡಿಲ್ಲ ಅಂದರೆ ನೀವು ತಿನ್ನುವುದಕ್ಕೂ ದೇಹ ಖರ್ಚು ಮಾಡುವುದಕ್ಕೂ ಸರಿಹೋಗಿದೆ. ಆಪ್ ಅದನ್ನು 1450 ಅನ್ನಲಿ, 1850 ಅನ್ನಲಿ, ಹೊಟ್ಟೆಗೆ ಹೋಗಿದ್ದು ಅಷ್ಟೇ.

ಆಪ್‌ಗೆ ನಿಮ್ಮ ಊಟ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಪಟ್ಟಿ. ಆ ಪಟ್ಟಿ ಎಲ್ಲಿಂದ ಬಂತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೆಲವು ಆಪ್‌ಗಳು ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯನ್ನು ಇಟ್ಟುಕೊಂಡಿವೆ. ಕೆಲವು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ತಂದ 528 ಆಹಾರಗಳ ಪಟ್ಟಿಯನ್ನು ಬಳಸುತ್ತವೆ. ಇನ್ನು ಹಲವು ಆಪ್‌ಗಳಲ್ಲಿ ಯಾರು ಬೇಕಾದರೂ ತಮಗೆ ತೋಚಿದ ಅಂಕಿ ಹಾಕಿ 'ಬಸ್ಸಾರು, 1 ಬಟ್ಟಲು' ಅಂತ ಸೇರಿಸಬಹುದು. ಆ ಬಸ್ಸಾರನ್ನು ಯಾರು ಮಾಡಿದರು, ಅದಕ್ಕೆ ಎಷ್ಟು ಕಾಯಿ ರುಬ್ಬಿ ಹಾಕಿದರು, ಬಟ್ಟಲು ಎಷ್ಟು ದೊಡ್ಡದು, ಒಂದೂ ಗೊತ್ತಿಲ್ಲ, ಆದರೂ ನೀವು ಮೊದಲು ಕಂಡ ಸಾಲನ್ನೇ ಒತ್ತುತ್ತೀರಿ. ಹೋಗಲಿ, ಪ್ರಯೋಗಾಲಯದ ಅಂಕಿಗಳಾದರೂ ಒಂದೇ ಇವೆಯಾ ಅಂದರೆ ಅದೂ ಇಲ್ಲ. ಹಸಿ ತೆಂಗಿನಕಾಯಿ 100 ಗ್ರಾಂಗೆ ಅಮೆರಿಕದ ಪಟ್ಟಿಯಲ್ಲಿ 354 ಕ್ಯಾಲೊರಿ, ನಮ್ಮ ಹಳೆ ಭಾರತೀಯ ಪಟ್ಟಿಯಲ್ಲಿ 444. ಕಾಯಿಯ ಬಲಿತ ಹಂತ, ತಳಿ, ಅಳೆದ ವಿಧಾನ ಎಲ್ಲ ಸೇರಿ ಹಾಗಾಗುತ್ತದೆ. ಪಲ್ಯಕ್ಕೂ ಸಾರಿಗೂ ಕಾಯಿ ಇಲ್ಲದೆ ನಡೆಯದ ಮನೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಆದರೆ ನಿಮ್ಮ 400 ಕ್ಯಾಲೊರಿ ಕಾಯಿಯಿಂದ ಬಂದಿರಲಾರದು. ನಾನಾಗಿದ್ದರೆ ಮೊದಲು ಮುದ್ದೆಯ ಸಾಲನ್ನು ತೆರೆದು ನೋಡುತ್ತೇನೆ. 100 ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ. ಮುದ್ದೆಯಲ್ಲಿ ಹಿಟ್ಟು ಸುಮಾರು ಮೂರನೇ ಒಂದು ಪಾಲು, ಉಳಿದದ್ದು ನೀರು. 150 ಗ್ರಾಂ ತೂಗುವ ಮುದ್ದೆಗೆ 50 ಗ್ರಾಂ ಹಿಟ್ಟು, ಅಂದರೆ 160 ಕ್ಯಾಲೊರಿ. ಈಗ ನೀವು ಹೊಸ ಆಪ್‌ನಲ್ಲಿ 'ರಾಗಿ' ಅಂತ ಹುಡುಕಿ, ಬಂದ ಸಾಲಿಗೆ 150 ಗ್ರಾಂ ಅಂತ ಹಾಕಿದರೆ ಅದು ಹಿಟ್ಟಿನ ಲೆಕ್ಕ ಹಿಡಿದು 480 ತೋರಿಸುತ್ತದೆ. ಒಂದೇ ಮುದ್ದೆಗೆ 320 ಜಾಸ್ತಿ! ಅನ್ನದ ಕಥೆಯೂ ಇದೇ. ಅಕ್ಕಿಗೆ 100 ಗ್ರಾಂಗೆ 350 ಚಿಲ್ಲರೆ, ಬೆಂದ ಅನ್ನಕ್ಕೆ 130ರ ಆಸುಪಾಸು. ಹಳೆ ಆಪ್‌ನಲ್ಲಿ ಮೂರು ವರ್ಷ ಒಂದೇ ಸಾಲನ್ನು ಒತ್ತಿ ಒತ್ತಿ ಅಭ್ಯಾಸವಾಗಿತ್ತು, ಹೊಸದರಲ್ಲಿ ಅದೇ ಹೆಸರಿನ ಸಾಲು ಹಸಿಯದೋ ಬೆಂದದ್ದೋ ಅಂತ ಯಾರೂ ನೋಡುವುದಿಲ್ಲ.

ಎರಡನೆಯದು ಎಣ್ಣೆ. ಟೀ ಚಮಚ 5 ಮಿಲಿ, ಸುಮಾರು 40 ಕ್ಯಾಲೊರಿ. ಟೇಬಲ್ ಚಮಚ 15 ಮಿಲಿ, ಸುಮಾರು 120. ಆಪ್‌ನಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ, ಬೆರಳು ಜಾರಿದರೆ ಮೂರು ಪಟ್ಟು. ಬಟ್ಟಲಿನ ಗೊಂದಲವೂ ಇದೆ. ಆಪ್‌ನ 'ಕಪ್' ಅಳತೆ ಸಾಮಾನ್ಯವಾಗಿ 240 ಮಿಲಿ, ನಮ್ಮ ಮನೆಗಳ ಸಣ್ಣ ಸ್ಟೀಲ್ ಬಟ್ಟಲು ಅಷ್ಟು ಹಿಡಿಯುವುದಿಲ್ಲ. ಹಾಗಂತ ಹಳೆಯ 1450 ಸರಿ ಇತ್ತು ಅಂತಲೂ ತಿಳಿಯಬೇಡಿ. ಟೀ ಸಕ್ಕರೆ, ರುಚಿ ನೋಡಿದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಇವನ್ನು ಬರೆಯುವವರು ನನಗಂತೂ ಸಿಕ್ಕಿಲ್ಲ.

ಇನ್ನು ಗುರಿ. ಅದು ಬದಲಾದದ್ದು ನಿಮ್ಮ ಒಂದೇ ಒಂದು ಬೆರಳೊತ್ತಿಗೆ. ಬಹಳ ಆಪ್‌ಗಳು ಮಿಫ್ಲಿನ್-ಸೇಂಟ್ ಜಿಯೋರ್ ಎಂಬ 1990ರ ಸೂತ್ರವನ್ನೇ ಬಳಸುತ್ತವೆ. ಅದರಲ್ಲಿ ಹೆಂಗಸರ ಲೆಕ್ಕಕ್ಕೆ ನಿಮ್ಮ ವಯಸ್ಸು, ಎತ್ತರ, ತೂಕ ಹಾಕಿದರೆ 1239 ಬರುತ್ತದೆ. ಇದು ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದದ್ದು. ಇದನ್ನು 1.2ರಿಂದ ಗುಣಿಸಿದರೆ 1487, 1.55ರಿಂದ ಗುಣಿಸಿದರೆ 1920. ಈ ಗುಣಕ ಎಲ್ಲಿಂದ ಬಂತು ಗೊತ್ತಾ? ಹೊಸ ಆಪ್ ಹಾಕಿಕೊಂಡ ದಿನ 'ನೀವು ಎಷ್ಟು ಚಟುವಟಿಕೆಯಿಂದ ಇದ್ದೀರಿ' ಅಂತ ಕೇಳಿತಲ್ಲ, ಅಲ್ಲಿಂದ. ಹಳೆಯದರಲ್ಲಿ 'ಕೂತು ಮಾಡುವ ಕೆಲಸ' ಅಂತ ಒತ್ತಿದ್ದಿರಿ, ಈ ಸಲ ಹುಮ್ಮಸ್ಸಿನಲ್ಲಿ ಮಧ್ಯದ್ದನ್ನು ಒತ್ತಿದ್ದೀರಿ. ನಿಮ್ಮ ಎರಡು ಅಂಕಿಗಳು ಸೂತ್ರಕ್ಕೆ ಇಷ್ಟು ಸರಿಯಾಗಿ ಕೂರುತ್ತಿರುವಾಗ ಬೇರೆ ಕಾರಣ ಹುಡುಕಬೇಕಿಲ್ಲ. (ಮನೆಕೆಲಸ ಕೆಲಸವಲ್ಲ ಅಂತ ನಾನು ಹೇಳುತ್ತಿಲ್ಲ, ಜಗಳಕ್ಕೆ ಬರಬೇಡಿ. ಆ ಮಧ್ಯದ ಆಯ್ಕೆ ವಾರದಲ್ಲಿ ಮೂರರಿಂದ ಐದು ದಿನ ಒಳ್ಳೆ ವ್ಯಾಯಾಮ ಮಾಡುವವರಿಗೆ.) ಅದರ ಮೇಲೆ ಕೈಗಡಿಯಾರವನ್ನೂ ಜೋಡಿಸಿದ್ದರೆ ಸಂಜೆಯ ವಾಕಿಂಗ್ ಎರಡು ಸಲ ಲೆಕ್ಕಕ್ಕೆ ಬರಬಹುದು, ಒಮ್ಮೆ ಗುಣಕದಲ್ಲಿ, ಇನ್ನೊಮ್ಮೆ ಗಡಿಯಾರದಲ್ಲಿ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ.

ಈಗ ಮಾಡಬೇಕಾದದ್ದು. ಹಳೆ ಆಪ್ ಅಳಿಸುವ ಮೊದಲು ಅದರ ಡೇಟಾ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಮೂರು ವರ್ಷದ ಊಟದ ಪಟ್ಟಿ ಯಾರಿಗೂ ಬೇಡ, ನನಗಂತೂ ತೋರಿಸಲೇಬೇಡಿ, ತೂಕದ ದಾಖಲೆ ಮಾತ್ರ ಬಂಗಾರ. ಆಮೇಲೆ ಮನೆಯಲ್ಲಿ ಪದೇ ಪದೇ ಮಾಡುವ ಅಡುಗೆಗಳನ್ನು ಹೊಸದಾಗಿ ರೆಸಿಪಿ ಮಾಡಿ ಸೇರಿಸಿ. ಖಾಲಿ ಪಾತ್ರೆಯನ್ನು ತೂಗಿ ಬರೆದಿಡಿ. ಬೇಳೆ, ಸೊಪ್ಪು, ಕಾಯಿ, ಎಣ್ಣೆ ಎಲ್ಲವನ್ನೂ ಹಸಿಯಾಗಿದ್ದಾಗ ತೂಗಿ ಹಾಕಿ. ಅಡುಗೆ ಮುಗಿದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. ಸಾರು 1800 ಗ್ರಾಂ ಆಯಿತು ಅಂದರೆ ರೆಸಿಪಿಯಲ್ಲಿ 18 ಸರ್ವಿಂಗ್ ಅಂತ ಹಾಕಿ, ಆಗ ಒಂದು ಸರ್ವಿಂಗ್ ಅಂದರೆ 100 ಗ್ರಾಂ. ಬಟ್ಟಲಿನ ಜಗಳವೇ ಇಲ್ಲ. ನಾವು ದಿನಾ ತಿನ್ನುವುದು ತಿರುಗಿ ಮುರುಗಿ ಹದಿನೈದು ಇಪ್ಪತ್ತು ಬಗೆ ಅಷ್ಟೇ ಅಲ್ವಾ, ಒಂದೆರಡು ವಾರದಲ್ಲಿ ಮುಗಿಯುತ್ತದೆ.

ಹಳೆ ಆಪ್‌ನ 1450ನ್ನು ಹೊಸದರ ಜೊತೆ ಹೋಲಿಸುವುದನ್ನು ಇವತ್ತೇ ಬಿಡಿ. ಅದು ಬೇರೆ ಅಳತೆಗೋಲು. ಹೊಸದರಲ್ಲಿ ಈಗಿನ ಊಟವನ್ನೇ ಮೂರು ವಾರ ಬರೆಯಿರಿ, ತೂಕವನ್ನು ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ವಾರದ ಸರಾಸರಿ ತೆಗೆಯಿರಿ. ತೂಕ 60ರಲ್ಲೇ ನಿಂತಿದ್ದರೆ, ಆಗ ಆಪ್ ತೋರಿಸುವ ಅಂಕಿ ಏನಿದೆಯೋ ಅದೇ ನಿಮ್ಮ ಗುರಿ, ಸೂತ್ರ ಹೇಳಿದ್ದಲ್ಲ.

*ನಮ್ಮ ತಂದೆಗೆ ಶುಗರ್, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಹೊಸ ಆಪ್ 'ನೆಟ್ ಕಾರ್ಬ್' ತೋರಿಸುತ್ತದೆ. ರಾಗಿಗೆ ಬಹಳ ಕಡಿಮೆ ಬರುತ್ತಿದೆ. ಇನ್ಸುಲಿನ್ ಕಡಿಮೆ ಮಾಡಬಹುದಾ? (ದುಬೈ)*

ಬೇಡ. ಆಪ್ ಬದಲಾಯಿತು ಅಂತ ಇನ್ಸುಲಿನ್ ಬದಲಾಯಿಸುವ ಕೆಲಸಕ್ಕೆ ಕೈ ಹಾಕಲೇಬೇಡಿ, ಡೋಸ್ ಬಗ್ಗೆ ಅವರ ವೈದ್ಯರನ್ನು ಮಾತ್ರ ಕೇಳಿ. ಕಡಿಮೆ ಬರಲು ಒಂದು ಕಾರಣ ಹೀಗಿರಬಹುದು. ಅಮೆರಿಕದ ಪಟ್ಟಿಯಲ್ಲಿ ಕಾರ್ಬ್ (ಕಾರ್ಬೋಹೈಡ್ರೇಟ್) ಅಂದರೆ ನಾರೂ ಸೇರಿದ್ದು, ಅದರಿಂದ ನಾರು ಕಳೆದರೆ ನೆಟ್ ಕಾರ್ಬ್. 2017ರ ನಮ್ಮ ಪಟ್ಟಿಯಲ್ಲಿ ನಾರನ್ನು ಮೊದಲೇ ಕಳೆದು ಬೇರೆ ಸಾಲಿನಲ್ಲಿ ಕೊಟ್ಟಿದ್ದಾರೆ. 100 ಗ್ರಾಂ ರಾಗಿಗೆ ಕಾರ್ಬ್ ಸುಮಾರು 67 ಗ್ರಾಂ, ನಾರು 11. ಆಪ್ ಈ ಅಂಕಿಯಿಂದ ಮತ್ತೆ 11 ಕಳೆದರೆ 56 ಉಳಿಯುತ್ತದೆ, ಒಂದೇ ನಾರು ಎರಡು ಸಲ ಹೋಯಿತು. ಹಿಟ್ಟಿನ ಸಾಲು ತೆರೆದು ಅಂಕಿ ನೋಡಿ, ಗೊತ್ತಾಗುತ್ತದೆ.

ಜೊತೆಗೆ, 'ರಾಗಿ ಎಷ್ಟು ತಿಂದರೂ ಶುಗರ್ ಏರಲ್ಲ' ಅನ್ನುವವರಿಗೆ ಒಂದು ಮಾತು. ಬಿಳಿ ಅಕ್ಕಿಯಲ್ಲಿ 100 ಗ್ರಾಂಗೆ 78 ಗ್ರಾಂ ಕಾರ್ಬ್, ರಾಗಿಯಲ್ಲಿ 67. ನಾರು, ಕ್ಯಾಲ್ಸಿಯಂ ವಿಷಯದಲ್ಲಿ ರಾಗಿ ಎಷ್ಟೋ ಮೇಲು, ನಾನೂ ದಿನಾ ತಿನ್ನುತ್ತೇನೆ. ಆದರೆ ದೊಡ್ಡ ಮುದ್ದೆ ಎರಡು ನುಂಗಿದರೆ ಶುಗರ್ ಏರೇ ಏರುತ್ತದೆ. ವಾಟ್ಸಾಪ್‌ನಲ್ಲಿ ಇದನ್ನು ಹಂಚುವ ಯಾರೂ ನಿಮ್ಮ ತಂದೆಯ ರಿಪೋರ್ಟ್ ನೋಡಿರುವುದಿಲ್ಲ.

*ಆಪ್‌ನಲ್ಲಿ ಸಿಕ್ಕ ಕೋಚ್ ದಿನಕ್ಕೆ 120 ಗ್ರಾಂ ಪ್ರೋಟೀನ್ ಬೇಕು ಎಂದು ಹೇಳಿ ತಾವೇ ಪೌಡರ್ ಕಳಿಸುತ್ತೇನೆ ಅನ್ನುತ್ತಾರೆ. ನನ್ನ ತೂಕ 60 ಕೆಜಿ, ಆಫೀಸ್ ಕೆಲಸ. (ಹುಬ್ಬಳ್ಳಿ)*

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಕೆಜಿಗೆ 0.83 ಗ್ರಾಂ, ನಿಮಗೆ ಅದು 50 ಗ್ರಾಂ. ವ್ಯಾಯಾಮ ಮಾಡುವವರಿಗೆ, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು, ಅದು ಬೇಳೆ, ಮೊಟ್ಟೆ, ಮೊಸರು, ಮೀನಿನಲ್ಲೇ ಬರುತ್ತದೆ. ಸ್ನಾಯು ಬೆಳೆಸಲು ಪೌಡರ್ ನುಂಗಬೇಡಿ ಅಂತ ಅದೇ ಮಂಡಳಿಯ 2024ರ ಆಹಾರ ಮಾರ್ಗಸೂಚಿಯೂ ಹೇಳಿದೆ. ಸಲಹೆ ಕೊಡುವವರೇ ಡಬ್ಬ ಮಾರುತ್ತಿದ್ದರೆ ಅದು ಸಲಹೆಯಲ್ಲ, ವ್ಯಾಪಾರ. ಓದಿದ್ದು ಏನು ಅಂತ ಒಮ್ಮೆ ಕೇಳಿ ನೋಡಿ, ಎಷ್ಟು ಬೇಗ ವಿಷಯ ಬದಲಾಯಿಸುತ್ತಾರೆ!

*ತಟ್ಟೆಯ ಫೋಟೊ ತೆಗೆದರೆ ಸಾಕು, ಎಲ್ಲ ಲೆಕ್ಕ ಬರುತ್ತದೆ ಅನ್ನುವ ಆಪ್ ಹೇಗೆ? (ಬೆಂಗಳೂರು)*

ಒಗ್ಗರಣೆಗೆ ಹಾಕಿದ ಎಣ್ಣೆ, ರುಬ್ಬಿದ ಕಾಯಿ ಫೋಟೊದಲ್ಲಿ ಕಾಣುತ್ತದಾ? ಏನು ತಿಂದೆ ಅಂತ ನೆನಪಿಟ್ಟುಕೊಳ್ಳಲು ಪರವಾಗಿಲ್ಲ, ಎಷ್ಟು ತಿಂದೆ ಅನ್ನುವುದಕ್ಕೆ ನಂಬಬೇಡಿ.

*ಜೀರಿಗೆ ನೀರು ಕುಡಿದರೆ ಕರಗುವ ಕ್ಯಾಲೊರಿಯನ್ನು ಆಪ್‌ನಲ್ಲಿ ಕಳೆಯುವುದು ಹೇಗೆ? (ದಾವಣಗೆರೆ)*

ನೀರು ಅಂತ ಬರೆದುಕೊಳ್ಳಿ. ಜೇನು ಹಾಕಿದ್ದರೆ ಟೀ ಚಮಚಕ್ಕೆ 20 ಕ್ಯಾಲೊರಿ ಕೂಡಿಸಿ.

*ಹಳೆ ಆಪ್ ಫೋನಿಂದ ತೆಗೆದೆ, ಆದರೂ ದುಡ್ಡು ಕಟ್ ಆಗುತ್ತಿದೆ. (ಶಿವಮೊಗ್ಗ)*

ಆಪ್ ತೆಗೆದರೆ ಸಬ್‌ಸ್ಕ್ರಿಪ್ಷನ್ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಮೂಲಕ ಕಟ್ಟಿದ್ದರೆ ಅಲ್ಲೇ ಹೋಗಿ ರದ್ದು ಮಾಡಿ, ಯುಪಿಐ ಆಟೋ ಪೇ ಇದ್ದರೆ ಅದನ್ನೂ ನಿಲ್ಲಿಸಿ. ಆಮೇಲೆ ಖಾತೆಯನ್ನೇ ಅಳಿಸಲು ಕೇಳಿ, ನಿಮ್ಮ ತೂಕ, ಕಾಯಿಲೆ, ಇಮೇಲ್ ಎಲ್ಲ ಅಲ್ಲೇ ಬಿದ್ದಿರುತ್ತವೆ. 2018ರಲ್ಲಿ ಮೈಫಿಟ್‌ನೆಸ್‌ಪಾಲ್ ಎಂಬ ಇಂಥದ್ದೇ ಆಪ್‌ನ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಕಳವಾಗಿತ್ತು. ಹಳೆ ಪಾಸ್‌ವರ್ಡನ್ನೇ ಹೊಸ ಆಪ್‌ಗೂ ಇಡಬೇಡಿ.

*ಮಗಳಿಗೆ 15 ವರ್ಷ. ನನ್ನ ಆಪ್ ನೋಡಿ ತನಗೂ ಬೇಕು ಅನ್ನುತ್ತಿದ್ದಾಳೆ. ಈಗಾಗಲೇ ದಿನಕ್ಕೆ 1200 ಮೀರಬಾರದು ಅಂತ ತಾನೇ ಗುರಿ ಇಟ್ಟುಕೊಂಡಿದ್ದಾಳೆ. ಹಾಕಿಕೊಡಲಾ? (ಮಂಗಳೂರು)*

ಹಾಕಿಕೊಡಬೇಡಿ. ಬೆಳೆಯುವ ಹುಡುಗಿಗೆ 1200 ಯಾವ ಲೆಕ್ಕಕ್ಕೂ ಸಾಲದು, ನಿಮಗೇ ಸಾಲದು. ಈ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚೇ ಹೆದರುತ್ತೇನೆ ಅಂತ ನನ್ನ ಸಹೋದ್ಯೋಗಿಗಳು ಹೇಳುತ್ತಾರೆ, ಹೇಳಲಿ. ನೀವು ಊಟ ಮಾಡುವಾಗ ಅವಳ ಮುಂದೆ ಫೋನ್ ಹಿಡಿದು ತೂಗಿ ಅಳೆಯುವುದನ್ನು ನಿಲ್ಲಿಸಿ, ಬರೆಯುವುದಿದ್ದರೆ ಆಮೇಲೆ ಬರೆಯಿರಿ. ಅವಳಿಗೆ ಬೈಯಬೇಡಿ, ದಪ್ಪ ಸಣ್ಣ ಅನ್ನುವ ಮಾತನ್ನೂ ಮನೆಯಲ್ಲಿ ಆಡಬೇಡಿ, ಅಜ್ಜಿಗೂ ಹೇಳಿಡಿ. ಅವಳು ಊಟ ತಪ್ಪಿಸುತ್ತಿದ್ದರೆ, ತಿಂದ ಮೇಲೆ ಬಚ್ಚಲಿಗೆ ಓಡುತ್ತಿದ್ದರೆ ಅಥವಾ ಮುಟ್ಟು ನಿಂತಿದ್ದರೆ ಆಪ್ ವಿಷಯ ಪಕ್ಕಕ್ಕಿಟ್ಟು ಈ ವಾರವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.